ಪಟ್ಟಿಯಲ್ಲಿ ಸಿಕ್ಕ ಹೆಸರು

ತನ್ನ ಲ್ಯಾಪ್‌ಟಾಪಿನಲ್ಲಿ ಸಿಕ್ಕಿಬಿದ್ದ ವೈರಸ್ಸಿನ ಹೆಸರನ್ನು ಗುಲ್ಜಾತ್ ಕಪ್ಪು ಪರದೆಯಲ್ಲಿ ಟೈಪ್ ಮಾಡಿ, ಗೊತ್ತಿರುವ ವೈರಸ್‌ಗಳ ಪಟ್ಟಿಯಲ್ಲಿ ಹುಡುಕಿದಳು. ಒತ್ತಿದ ಪ್ರತಿ ಅಕ್ಷರವನ್ನೂ ಕದ್ದು ಬೇರೆಯವರಿಗೆ ಕಳಿಸುವಂಥದ್ದು ಎಂದು ಉತ್ತರ ಬಂತು. ಅದು ಒಳಗೆ ಸೇರಿದ್ದು ಅವಳ ಮದುವೆಯ ಮರುದಿನ.

"ಎಲ್ಲಿಗೆ ಹೋಗ್ತಿದೆ ಅಂತ ಹುಡುಕ್ಬೇಡ, ನಂಗೇ ಬರೋದು," ಎಂದ ಗಂಡ ಉಲನ್‌ಬೆಕ್, ರೊಟ್ಟಿ ಮುರಿಯುತ್ತ. "ಓಶ್ ಊರಲ್ಲಿರೋ ನಿಮ್ಮಕ್ಕಂಗೆ ಬರ್ದಿದ್ಯಲ್ಲ, ಈ ಮನೇಲಿ ಉಸಿರು ಕಟ್ಟತ್ತೆ ಅಂತ. ಅಮ್ಮಂಗೂ ಓದಿ ಹೇಳ್ದೆ."

"ನಮ್ಮ ಸೊಸೆ ಚೆನ್ನಾಗಿ ಬರೀತಾಳೆ," ಅತ್ತೆ ನಕ್ಕು ಖಾಲಿ ಬಟ್ಟಲು ಚಾಚಿದಳು. "ನನ್ನ ಗೊರಕೇನೂ ಬಿಟ್ಟಿಲ್ಲ. ಚಹಾ ಹಾಕಮ್ಮ."

ಗುಲ್ಜಾತ್ ಹಿರಿಯರಿಗೆ ಕೊಡುವ ವಾಡಿಕೆಯಂತೆ ಅರ್ಧ ಬಟ್ಟಲಷ್ಟೇ ಬಗ್ಗಿಸಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. "ಇದನ್ನ ತೆಗೀತೀನಿ," ಎಂದಳು ಮೆಲ್ಲಗೆ.

"ತೆಗಿ. ಬ್ಯಾಂಕಿನ ಕಂಪ್ಯೂಟರಲ್ಲೆಲ್ಲ ವೈರಸ್ ಕ್ಲೀನ್ ಮಾಡೋಳಿಗೆ ಇದ್ಯಾವ ಲೆಕ್ಕ? ಆದ್ರೆ ತೆಗೆದ್ರೆ ಮುಚ್ಚಿಡೋಕೆ ಏನೋ ಇದೆ ಅಂತಾಯ್ತು. ನಾಳೆಯಿಂದ ಕೆಲಸ ಬಿಟ್ಟು ಮನೇಲಿರು."

ಅವಳು ಲ್ಯಾಪ್‌ಟಾಪಿನತ್ತ ತಿರುಗಿದಳು. ಆ ವೈರಸ್ಸಿನ ಹೆಸರು ಬರೆದು, ವೈರಸ್ ಹಿಡಿಯುವ ತಂತ್ರಾಂಶ ಇನ್ನು ಮುಂದೆ ಅದನ್ನು ಮುಟ್ಟಬಾರದೆಂಬ ಆಜ್ಞೆ ಟೈಪ್ ಮಾಡಿದಳು.

ಉಲನ್‌ಬೆಕ್‌ನ ಜೇಬಿನಲ್ಲಿ ಫೋನು ಸದ್ದು ಮಾಡಿತು. ಅವಳು ಈಗಷ್ಟೇ ಒತ್ತಿದ ಅಕ್ಷರಗಳನ್ನು ಒಂದೊಂದಾಗಿ ಓದಿ, "ಜಾಣೆ," ಎಂದ.