ಮನೆ ನಂಬರ್ ಹದಿನೇಳರ ಭವಾನಿ

ಹುಚ್ಚಮ್ಮ ಗಂಡನ ಫೈಲಿನಿಂದ ಮತದಾರರ ಪಟ್ಟಿಯ ಅರ್ಜಿಯೊಂದನ್ನು ಎಳೆದಾಗ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಉಕ್ಕಿದರೆ ಉಕ್ಕಲಿ ಎಂದುಕೊಂಡಳು.

ಭವಾನಿ. ವಯಸ್ಸು ಇಪ್ಪತ್ತೆಂಟು. ಗಂಡ: ಮೂರ್ತಪ್ಪ.

ಮೂರ್ತಪ್ಪ ಬೇರೆ ಯಾರೂ ಅಲ್ಲ, ತನ್ನ ಗಂಡನೇ. ಶಿವಮೊಗ್ಗದ ಕಾಲೇಜಿನಲ್ಲಿ ಮೇಷ್ಟ್ರು. ಮತದಾರರ ಪಟ್ಟಿಯಲ್ಲಿ ಹೆಂಗಸರ ಹೆಸರು ಹೇಗೆ ತಪ್ಪಾಗುತ್ತವೆ ಎಂದು ಪ್ರಬಂಧ ಬರೆಯುತ್ತಿದ್ದ. ಅದಕ್ಕೆಂದೇ ಮೂರು ಭಾನುವಾರ ಭದ್ರಾವತಿಗೆ ಹೋಗಿ ಬಂದಿದ್ದ. ಸಂಶೋಧನೆಯಂತೆ!

ವಯಸ್ಸು ತನ್ನದೇ. ಮನೆ ನಂಬರ್ ಹದಿನೇಳು, ಅದೂ ಈ ಮನೆಯದೇ. ಅಂದರೆ ಅವಳನ್ನು ಇಲ್ಲಿಗೇ ತಂದಿಡುವ ಹುನ್ನಾರ. ಕೆಳಗೆ ಸಾಕ್ಷಿಯ ಹೆಬ್ಬೆಟ್ಟು: ಜಲಜಮ್ಮ, ಸೂಲಗಿತ್ತಿ, ಹಳೇನಗರ, ಭದ್ರಾವತಿ. ಸಂಗತಿ ಸೂಲಗಿತ್ತಿಯವರೆಗೂ ಹೋಗಿದೆ.

ಭವಾನಿ. ಹೆಸರಾದರೂ ಎಷ್ಟು ಚಂದ! ತನ್ನದೂ ಒಂದು ಹೆಸರೇ? ವರ್ಷ ತುಂಬುವ ಮೊದಲೇ ತಾಯಿ ಸತ್ತು, ಕುಂಸಿಯ ಸೋದರತ್ತೆಯ ಮನೆಯಲ್ಲಿ ಬೆಳೆದವಳಿಗೆ ಇನ್ನೆಂಥ ಹೆಸರು ಇಟ್ಟಾರು? ಐವತ್ತೇಳರ ಚುನಾವಣೆಯಲ್ಲಿ ಮತಗಟ್ಟೆಯವರು ಹೆಸರು ಕೂಗಿದಾಗ ಸಾಲಿಗೆ ಸಾಲೇ ನಕ್ಕಿತ್ತು. ವೋಟು ಹಾಕದೆ ಅಳುತ್ತಾ ಮನೆಗೆ ಬಂದಿದ್ದಳು.

ಬೆಳಿಗ್ಗೆ ಅವನು ಹೇಳಿದ್ದು ನೆನಪಾಯಿತು. "ನಾಲ್ಕಕ್ಕೆ ಬರ್ತೀನಿ. ಫೈಲಲ್ಲಿರೋ ಅರ್ಜಿ ಇವತ್ತೇ ಆಫೀಸಿಗೆ ಕೊಡ್ಬೇಕು, ಕೊನೇ ದಿನ. ಆಮೇಲೆ ನಿಂಗೊಂದು ವಿಷಯ ಹೇಳ್ತೀನಿ. ಸಿಟ್ಟಾಗ್ಬೇಡ ಮಾರಾಯ್ತಿ."

ಅರ್ಜಿಯನ್ನು ಒಲೆಗೆ ಹಾಕಿದಳು. ಪೂರ್ತಿ ಬೂದಿಯಾಗುವವರೆಗೆ ನಿಂತು ನೋಡಿ, ಭದ್ರಾವತಿಯ ರೈಲು ಹತ್ತಿದಳು. ವಾಪಸು ರೈಲು ಸಂಜೆ ಆರಕ್ಕೆ. ಇರಲಿ, ಜಗಳಕ್ಕೆ ಅಷ್ಟು ಹೊತ್ತು ಬೇಕೇ ಬೇಕು.

ಜಲಜಮ್ಮ ಜಗಲಿಯ ಮೇಲೆ ಎಲೆಯಡಿಕೆ ಮೆಲ್ಲುತ್ತಿದ್ದಳು.

"ಭವಾನಿ ಎಲ್ಲಿ?"

"ನೀನ್ಯಾರಮ್ಮ?"

"ಮೇಷ್ಟ್ರ ಹೆಂಡ್ತಿ. ಹುಚ್ಚಮ್ಮ."

ಮುದುಕಿ ಅವಳ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಕಣ್ಣು ತುಂಬಿಕೊಂಡವು.

"ಥೇಟ್ ನಿಮ್ಮವ್ವನ ಮುಖ. ಈ ಕೈಯಾಗೇ ನಿನ್ನ ಎತ್ಕೊಂಡಿದ್ದು. ವೋಟಿನ ಪಟ್ಟೀಲಿ ಬರೆಸ್ಬೇಕು ಅಂತ ನಿನ್ನ ಗಂಡ ಮೂರು ಸಲ ಬಂದು ಕೇಳ್ದ, ಕೊನೆಗೆ ಹೇಳ್ಬಿಟ್ಟೆ."

"ಏನು ಹೇಳಿದ್ರಿ?"

"ನಿನಗಿಂತ ಮುಂಚೆ ಮೂರು ಕೂಸು ಹೋಗಿದ್ವು ಮಗಾ. ಯಮನ ಕಣ್ಣು ಬೀಳ್ದೇ ಇರ್ಲಿ ಅಂತ ಹುಚ್ಚಿ, ಹುಚ್ಚಿ ಅಂತ ಕೂಗಿದ್ವಿ. ತೊಟ್ಲಲ್ಲಿ ಹಾಕಿ ನಿನ್ನ ಕಿವೀಲಿ ನಿಮ್ಮವ್ವ ಹೇಳಿದ ಹೆಸ್ರು ಭವಾನಿ."