ಹಸಿರು ಬಳೆಯ ಗಡಿಗೆ

ಮಕ್ತಲ್ ಚೌಕಿಯ ಜವಾನ ಬೆತ್ತ ಎತ್ತುತ್ತಿದ್ದಂತೆ ಹನುಮಂತು ಗಡಿಗೆಯನ್ನು ಎದೆಗೆ ಅವುಚಿಕೊಂಡ. ಅನುಮಾನ ಬರಲು ಅಷ್ಟು ಸಾಕಾಯಿತು.

"ಏನೈತಲೇ ಅದರಾಗ? ಬಿಚ್ಚು."

"ಬಳಿ ಅದಾವ್ರಿ ಸಾಬ್. ಗಾಜಿನ ಬಳಿ. ಬಸುರಿ ಹೆಣ್ಮಗಳಿಗೆ ಒಯ್ಯಾಕತ್ತೀನಿ."

"ಬಳಿ ಒಯ್ಯಾಕ ಯಾರರ ಹಿಂಗ ಬೆವರ್ತಾರೇನು?"

ಹನುಮಂತು ನಿಜವಾಗಿಯೂ ಬೆವೆತಿದ್ದ. ಗಡಿಗೆಯ ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ತಾನೇ ಬಿಚ್ಚಿ, ಜೋಳದ ಹೊಟ್ಟನ್ನು ಬೆರಳಿನಿಂದ ಮೆಲ್ಲಗೆ ಸರಿಸಿ, ಅರಳೆಯ ನಡುವಿನ ಬಟ್ಟೆಯ ಸುತ್ತನ್ನು ಸಡಿಲಿಸಿ ಹೊಳೆಯುವ ಹಸಿರನ್ನು ತೋರಿಸಿದ. ಜವಾನನಿಗೂ ಹೆಣ್ಣುಮಕ್ಕಳಿದ್ದರೋ ಏನೋ, ಬೆತ್ತ ಇಳಿಸಿ "ಜಾವ್, ಜಾವ್" ಎಂದ.

ಹನುಮಂತು ನಾರಾಯಣಪೇಟೆಯಿಂದ ಗದ್ವಾಲಕ್ಕೆ ಜನರ ಸಾಮಾನು ಸಾಗಿಸುವವನು. ಕೃಷ್ಣೆಯ ತನಕ ಬಂಡಿ, ಹೊಳೆಗೆ ಹರಗೋಲು, ಆಚೆ ದಡದಿಂದ ತಲೆಹೊರೆ. ಅವನ ಕೈಯಲ್ಲಿ ಏನೂ ಒಡೆಯುವುದಿಲ್ಲ, ಬಾಯಲ್ಲಿ ಏನೂ ನಿಲ್ಲುವುದಿಲ್ಲ ಎಂದು ಪೇಟೆಯವರು ನಗುತ್ತಿದ್ದರು. ಈ ಸಲ ಅವನು ಕೈಯನ್ನೂ ಬಾಯಿಯನ್ನೂ ಕಾಯಬೇಕಿತ್ತು.

ಹಿಂದಿನ ದಿನ ವೀರಬಸಮ್ಮ ಅವನನ್ನು ಮನೆಗೆ ಕರೆಸಿ ಅವನೆದುರಿಗೇ ಗಡಿಗೆ ತುಂಬಿದ್ದಳು. ತಳಕ್ಕೂ ಮೇಲಕ್ಕೂ ಹೊಟ್ಟು. ಹಳೆ ಸೀರೆಯ ಚೂರುಗಳಲ್ಲಿ ಸುತ್ತಿದ ಬಳೆ. ಸುತ್ತಲೂ ಅರಳೆ. ತುಂಬಿದ ಮೇಲೆ ಗಡಿಗೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಸಣ್ಣಗೆ ಸದ್ದು ಬಂತು. ಎಲ್ಲವನ್ನೂ ಹೊರಗೆ ತೆಗೆದು ಮತ್ತೆ ತುಂಬಿದಳು. ಸದ್ದು ಅಡಗುವ ತನಕ ಅದನ್ನೇ ಮಾಡಿದಳು. ಆಮೇಲೆ, ದನ ಮಾರಿದ ಸುದ್ದಿ ಹೇಳುವವಳಂತೆ ಹೇಳಿದಳು:

"ಮಲ್ಲಣ್ಣ ಹೋದ. ಸೊಲ್ಲಾಪುರದಾಗ ಕಾಲರಾ ಬಂದು. ಅಲ್ಲೇ ಮಣ್ಣು ಮಾಡ್ಯಾರ."

ಮಲ್ಲಣ್ಣ ಅವಳ ಒಬ್ಬನೇ ಮಗ. ಗಿರಣಿ ಕೆಲಸಕ್ಕೆಂದು ಇಂಗ್ರೇಜರ ಸೀಮೆಗೆ ಹೋಗಿದ್ದ. ಅವನ ಹೆಂಡತಿ ಶೇಖಮ್ಮ ತವರಾದ ಗದ್ವಾಲದಲ್ಲಿದ್ದಳು, ಏಳು ತಿಂಗಳ ಬಸುರಿ. ಕುಬಸದ ಶಾಸ್ತ್ರಕ್ಕೆ ಹಸಿರು ಬಳೆ ಅತ್ತೆಯ ಮನೆಯಿಂದಲೇ ಹೋಗಬೇಕು.

"ಪೇಟ್ಯಾಗ ನಾಳೆ ಯಾರರ ನಿನಗ ಹೇಳೇ ಹೇಳ್ತಾರ. ಅದಕ ನಾನೇ ಹೇಳಾಕತ್ತೀನಿ. ಮೊದಲಿನ ಎರಡೂ ಬಸುರು ನಿಂತಿಲ್ಲ ಆಕಿಗೆ. ಇದನ್ನ ಕೇಳಿದ್ರ ಇದೂ ಉಳಿಯಂಗಿಲ್ಲ. ನಾ ಹೋದ್ರ ನನ್ನ ಮಾರಿ ನೋಡೇ ತಿಳಕೋತಾಳ. ಒಡದ ಬಳಿ ಕಂಡ್ರ ಅಪಶಕುನ ಅಂತ ಅದಕ್ಕೂ ಅಂಜತಾಳ. ಒಂದೂ ಒಡೀಬಾರದು ಹನುಮಂತು. ಗಂಡ ಯಾವಾಗ ಬರ್ತಾನ ಅಂತ ಕೇಳಿದ್ರ ಗಿರಣ್ಯಾಗ ರಜಾ ಕೊಟ್ಟಿಲ್ಲ ಅನ್ನು."

"ಆತ್ರೀ ಅವ್ವಾರ."

ಹನುಮಂತುವಿಗೆ ಅಳು ಒತ್ತಿ ಬಂತು. ಹೆತ್ತವಳೇ ಅಳದೆ ಕೂತಿರುವಾಗ ತಾನು ಅಳುವುದು ಹೇಗೆಂದು ಗಡಿಗೆ ಎತ್ತಿಕೊಂಡು ಹೊರಟಿದ್ದ.

ದಾರಿಯುದ್ದಕ್ಕೂ ರಜೆಯ ಮಾತನ್ನು ಬಾಯಿಪಾಠ ಮಾಡಿದ. ಹರಗೋಲಿನಲ್ಲಿ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಯಾರ ಮನೆಯದು, ಯಾರಿಗೆ ಎಂದು ಅಂಬಿಗ ಕೇಳಿದರೂ ಬಾಯಿ ಬಿಡಲಿಲ್ಲ.

"ಜ್ವರಗಿರ ಬಂದೈತೇನು ನಿನಗ?" ಎಂದ ಅಂಬಿಗ.

ಗದ್ವಾಲದಲ್ಲಿ ಬಾಗಿಲು ತೆರೆದ ಶೇಖಮ್ಮನ ತಾಯಿ ಸತ್ಯಮ್ಮ ಅವನನ್ನು ಕಂಡು ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ನೀರು ತಂದುಕೊಟ್ಟಳು. ಒಳಗೆ ಶೇಖಮ್ಮ ಗೋಡೆಗೆ ಒರಗಿ ಕೂತಿದ್ದಳು. ಕೈಯಲ್ಲಿ ಬಳೆ ಇರಲಿಲ್ಲ.

"ಹೊಸಾವು ಬರ್ತಾವಂತ ಹಳೇವು ತೆಗದೀವಿ" ಎಂದಳು ಸತ್ಯಮ್ಮ. ಅವನು ಕೇಳಿರಲೇ ಇಲ್ಲ.

ಶೇಖಮ್ಮ ಒಂದೊಂದೇ ಬಳೆಯನ್ನು ತೆಗೆದು ಬೆಳಕಿಗೆ ಹಿಡಿದು ನೋಡಿದಳು. ಒಂದಕ್ಕೂ ಬಿರುಕು ಬಿಟ್ಟಿರಲಿಲ್ಲ. ಹನುಮಂತು ಮನಸ್ಸಿನಲ್ಲೇ ಪಾಠ ಒಪ್ಪಿಸಿಕೊಂಡ. ಈಗ ಕೇಳುತ್ತಾಳೆ. ರಜಾ ಕೊಟ್ಟಿಲ್ಲ, ರಜಾ ಕೊಟ್ಟಿಲ್ಲ.

"ಅತ್ತಿಯವರು ಹೆಂಗದಾರಣ್ಣ?"

"ಆರಾಮ ಅದಾರವ್ವ."

"ಹೊಟ್ಟಿತುಂಬ ಉಣ್ತಾರ? ನಿದ್ದಿ ಮಾಡ್ತಾರ?"

"ಹೂಂ."

"ಈ ಬಳಿ ಅವರೇ ತುಂಬ್ಯಾರೇನು?"

"ಅವರ ಕೈಯಾರ ತುಂಬ್ಯಾರ. ನನ್ನ ಕಣ್ಣಮುಂದ."

ಶೇಖಮ್ಮ ಬಳೆಗಳನ್ನೆಲ್ಲ ಮಡಿಲಲ್ಲಿ ಕೂಡಿಸಿಕೊಂಡಳು. ಆಮೇಲೆ ತಾಯಿಯ ಮುಂದೆ ಕೈ ಚಾಚಿದಳು. ಸತ್ಯಮ್ಮ ಹಿಂದೆ ಸರಿದಳು.

"ಕುಬಸದ ದಿನಾ ಇಟ್ಕೊಂಡ್ರಾತು."

"ಈಗ ಇಡಸವ್ವ. ಅಣ್ಣ ನೋಡಿ ಹೋಗಲಿ."

ಬಳೆ ಏರಿಸುವಾಗ ತಾಯಿಯ ಕಣ್ಣು ತುಂಬಿ ಹರಿಯಿತು. ಬಸುರಿ ಮಗಳ ಕೈತುಂಬ ಹಸಿರು ಬಳೆ ಕಂಡರೆ ಯಾವ ತಾಯಿಗೂ ಹೀಗೇ ಆಗುತ್ತದೆ ಎಂದುಕೊಂಡ ಹನುಮಂತು. ಶೇಖಮ್ಮ ಮಾತ್ರ ಬೇರೆ ಯಾರದೋ ಕೈ ಎಂಬಂತೆ ನೋಡುತ್ತಿದ್ದಳು.

ಅವನು ಉಂಡು ಏಳುವ ತನಕವೂ ಅವಳು ಗಂಡನ ಹೆಸರು ಎತ್ತಲಿಲ್ಲ. ಗಂಡ ಹೆಂಡಿರ ನಡುವೆ ಏನೋ ಮುನಿಸಿರಬೇಕು. ಪಾಪ, ಅದು ಇನ್ನು ತೀರುವಂತಿಲ್ಲ. ಹನುಮಂತುವಿಗೆ ಸಂಕಟವಾಯಿತು. ಸುಳ್ಳು ಹೇಳುವ ಪ್ರಸಂಗ ಬರಲಿಲ್ಲವಲ್ಲ ಎಂದು ಸಮಾಧಾನವೂ ಆಯಿತು.

ಅವನು ಅಂಗಳ ದಾಟುವಷ್ಟರಲ್ಲಿ ಶೇಖಮ್ಮ ನಿಧಾನವಾಗಿ ಹಿಂದೆ ಬಂದಳು.

"ಅಣ್ಣಾ, ಒಂದೂ ಒಡದಿಲ್ಲ, ಕೈತುಂಬ ಇಟ್ಕೊಂಡಾಳ ಅಂತ ಅತ್ತಿಯವರಿಗೆ ಹೇಳು. ಬಿಸಲು ಭಾಳ ಐತಿ, ಈಗ ಇಲ್ಲಿಗೆ ಬರೋದು ಬ್ಯಾಡ ಅನ್ನು."

"ಆತವ್ವ. ಹೇಳ್ತೀನಿ."

ಅವಳು ತಿರುಗಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

"ನಮ್ಮ ಓಣಿಯವರು ಸೊಲ್ಲಾಪುರದಿಂದ ಬಂದಾರ. ಅವರು ತಂದ ಸುದ್ದಿ ನಿನ್ನ ಕಿವಿಗೆ ಬಿದ್ರ ಪೇಟ್ಯಾಗ ಬಾಯಿ ಬಿಡಬ್ಯಾಡಣ್ಣ. ಮಗ ಹೋಗಿದ್ದು ಅತ್ತಿಯವರಿಗೆ ಇನ್ನೂ ಗೊತ್ತಿಲ್ಲ. ಕೂಸು ಹುಟ್ಟಲಿ, ಅವರ ಉಡ್ಯಾಗ ಹಾಕಿ ನಾನೇ ಹೇಳ್ತೀನಿ."