ಮೌನೇಶನ ಕೆಂಪು ದಿನಗಳು

ಕಿಟಕಿ ಪಕ್ಕದ ಸೀಟು ಈ ಗುರುವಾರವೂ ಮೌನೇಶನಿಗೇ ಹೋಯಿತು. ಕಮಲಾಪುರದಲ್ಲಿ ನುಗ್ಗಿ ಬಸ್ಸು ಹತ್ತಿ, ದುಪಟ್ಟಾ ಹಾಸಿ ಅದನ್ನು ಹಿಡಿದಿಟ್ಟವಳು ಅವನ ಅಕ್ಕ ನಾಗರತ್ನಾ.

"ಏಳವಾ, ತಮ್ಮ ಕೂಡ್ಲಿ. ಅವನಿಗಿ ಗಾಳಿ ಬೇಕು," ಎಂದಳು ಅವ್ವ.

ನಾಗರತ್ನಾ ಎದ್ದಳು. ಅವ್ವ ಚೀಲದಿಂದ ಕೆಂಪು ಬಾಳೆಹಣ್ಣು ತೆಗೆದು ಸುಲಿದು ಮಗನ ಕೈಗಿಟ್ಟಳು. ಹದಿಮೂರು ವರ್ಷದವನಿಗೆ, ಸುಲಿದು! ನಾಗರತ್ನಾಳ ಕೈಗೆ ಬಂದದ್ದು ಸಿಪ್ಪೆ. ಅವಳ ತೊಡೆಯ ಮೇಲೆ ಸುರುಳಿ ಸುತ್ತಿದ ಗೋಡೆ ಕ್ಯಾಲೆಂಡರ್ ಇತ್ತು. ಅದೂ ಅವನದೇ.

ಕಲಬುರಗಿಯ ಜಗತ್ ಸರ್ಕಲ್ ಹತ್ತಿರ, ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ ಉಮ್ಮೆ ಹಾನಿ ಮೇಡಂ ಹಟಮಾರಿ ಮಕ್ಕಳನ್ನು ನೋಡುತ್ತಿದ್ದರು. ಮಗು ಒಂದೇ ಬಂದರೆ ನೋಡುತ್ತಿರಲಿಲ್ಲ. ಒಂದೇ ಒಲೆಯ ರೊಟ್ಟಿ ಉಣ್ಣುವವರೆಲ್ಲ ಬರಬೇಕು, ಎಲ್ಲರೂ ಮಾತಾಡಬೇಕು. ಆ ನಿಯಮ ಇಲ್ಲದಿದ್ದರೆ ನಾಗರತ್ನಾಳನ್ನು ಯಾರು ಕರೆತರುತ್ತಿದ್ದರು? ಒಂಬತ್ತನೇ ತರಗತಿಗೆ ಶಾಲೆ ಬಿಡಿಸಿದ ಮೇಲೆ ಅವಳು ಸಂತೆಯ ಮುಖವನ್ನೂ ಕಂಡಿರಲಿಲ್ಲ. ಆದರೂ ನಾಲ್ಕು ತಿಂಗಳಿಂದ ಆ ಕೋಣೆಯಲ್ಲಿ ಅವಳು ಬಾಯಿ ಬಿಟ್ಟಿರಲಿಲ್ಲ.

ಮೊದಲ ದಿನವೇ ಅಪ್ಪ ಹೇಳಿದ್ದ: "ಅಮಾಸಿ ಬಂತಂದ್ರ ಇವನ ತಲಿ ಕೆಡ್ತದ್ರಿ."

ಮೇಡಂ ನಗಲಿಲ್ಲ. "ಹಂಗಾರ ಬರೆದಿಡ್ರಿ. ಇವ ಗದ್ಲ ಮಾಡಿದ ತಾರೀಖಿಗಿ ಕೆಂಪು ಸುತ್ತು ಹಾಕ್ರಿ."

ಮನೆಯಲ್ಲಿ ಅಕ್ಷರ ದುಂಡಗಿದ್ದದ್ದು ನಾಗರತ್ನಾಳದು. ಹಾಗಾಗಿ ಅವನ ಗದ್ದಲಗಳನ್ನು ಕಾಯುವ ಕೆಲಸವೂ ಅವಳಿಗೇ ಬಿತ್ತು. ಐದು ಸುತ್ತುಗಳು. ಪಕ್ಕದಲ್ಲಿ ಸಣ್ಣ ಅಕ್ಷರ: ಚಹಾದ ಹೊಸ ಕಪ್ಪು-ಬಸಿ ಒಡೆದ. ಹಸಿರು ಸೀರೆ ಬಾವಿಗೆ ಎಸೆದ. ಜೀಪಿನ ಗಾಜಿಗೆ ಕಲ್ಲು ಹೊಡೆದ. ನೀರಿನ ಟಾಕಿ ಹತ್ತಿ ಕುಳಿತ. ಊರಿಂದ ಬಂದ ಕಾಕಾನ ಕೈ ಕಚ್ಚಿದ.

ಆ ಹಸಿರು ಸೀರೆ ಅವಳಿಗೆಂದೇ ಪಕ್ಕದ ಮನೆಯ ಪುತಳಾಬಾಯಿಯಿಂದ ತಂದದ್ದು. ಅವ್ವ ಅಂದು ಅಪರೂಪಕ್ಕೆ ಅವಳ ತಲೆ ಬಾಚಿ, ಹೂ ಮುಡಿಸಿದ್ದಳು. ಏಕೆಂದು ಅವಳು ಕೇಳಲಿಲ್ಲ. ಅವ್ವನ ಬೆರಳು ತನ್ನ ಕೂದಲಲ್ಲಿ ಓಡಾಡಿದ್ದೇ ಸಾಕಾಗಿತ್ತು. ಯಾವಾಗಲೂ ಹೀಗೇ. ಮನೆಯವರ ಕಣ್ಣು ತನ್ನತ್ತ ಹೊರಳುವ ಹೊತ್ತಿಗೆ ಸರಿಯಾಗಿ ಇವನದೊಂದು ರಂಪ. ಅವ್ವ ಬಾಚಣಿಗೆ ಬಿಸಾಕಿ ಅವನ ಹಿಂದೆ ಓಡುವಳು.

ಇಡೀ ಕ್ಯಾಲೆಂಡರಿನಲ್ಲಿ ತನ್ನದೆಂಬ ಒಂದು ಚುಕ್ಕೆಯೂ ಇಲ್ಲ. ಕೆಂಪೆಲ್ಲ ಅವನದು. ಉಳಿದದ್ದು ಅವ್ವನ ಅಡುಗೆ ಕೈ ತಾಗಿದ ಕಲೆ.

ಇಂದು ತೀರ್ಮಾನದ ದಿನ. ಮೌನೇಶನನ್ನು ಬೀದರದ ಹಾಸ್ಟೆಲಿಗೆ ಹಾಕುವುದೋ ಬೇಡವೋ? ಕೋಣೆಯಲ್ಲಿ ಎಲ್ಲರೂ ಕುಳಿತ ಮೇಲೆ ಮೇಡಂ ಒಬ್ಬೊಬ್ಬರನ್ನೇ ಕೇಳಿದರು.

"ಹಾಕಿಬಿಡೋಣ್ರಿ. ನನಗ ಸಾಕಾಗ್ಯಾದ," ಎಂದ ಅಪ್ಪ. ಅವ್ವ ಅತ್ತಳು.

"ನಾಗರತ್ನಾ ಬೇಟಾ, ನೀ ಏನಂತಿ?"

ವಾರವಿಡೀ ರೊಟ್ಟಿ ಬಡಿಯುತ್ತ ಬಾಯಿಪಾಠ ಮಾಡಿಕೊಂಡ ಮಾತು ಸಿದ್ಧವಿತ್ತು. "ಕಳಿಸ್ರಿ. ಇವ ಹೋದ್ರ ಮನ್ಯಾಗ ನಾನೂ ಒಬ್ಬಾಕಿ ಇದ್ದೀನಿ ಅಂತ ಇವರಿಗಿ ಗೊತ್ತಾಗ್ತದ."

ಮೌನೇಶ ಉಗುರು ಕಚ್ಚುವುದನ್ನು ನಿಲ್ಲಿಸಿದ. ಅವಳತ್ತ ಒಮ್ಮೆ ನೋಡಿ, ತಲೆ ತಗ್ಗಿಸಿದ. ಅವಳ ಎದೆ ಹಗುರವಾಯಿತು. ವಾಪಸು ಹೋಗುವಾಗ ಕಿಟಕಿ ತನ್ನದು.

ಮೇಡಂ ಕ್ಯಾಲೆಂಡರನ್ನು ಮೇಜಿನ ಮೇಲೆ ಹರವಿ, ಹಾಳೆ ಮಗುಚಿ ಮಗುಚಿ ನೋಡಿದರು.

"ಐದರಾಗ ಒಂದೂ ಅಮಾಸಿ ಇಲ್ಲಲ್ರಿ, ಮಹಾದೇವಣ್ಣ." ಬೆರಳು ನಿಂತಿತು. "ಭಾಗಮ್ಮ, ಇದೇನ್ರಿ? ಕೆಂಪು ಸುತ್ತಿದ್ದಲ್ಲೆಲ್ಲ ಒಳಗ ಹಳದಿ ಬೊಟ್ಟು ಅದ?"

"ಅದು ನಂದೇರಿ," ಅವ್ವ ನಾಚಿಕೊಂಡಳು. "ಮಂದಿ ಬರೋ ದಿನ ಛಲೋ ಆಗ್ಲಿ ಅಂತ ತಾರೀಖಿಗಿ ಮೊದ್ಲೇ ಅರಿಶಿಣ ಹಚ್ಚಿರ್ತೀನಿ."

"ಯಾವ ಮಂದಿ?"

ಅವ್ವ ಸೆರಗನ್ನು ಬಾಯಿಗೊತ್ತಿಕೊಂಡಳು. ಅಪ್ಪ ಕೆಮ್ಮಿದ. "ಹುಡುಗಿ ನೋಡ್ಲಾಕ ಬರೋ ಮಂದಿ ರಿ. ಐದು ಕಡಿಯಿಂದ ಬಂದ್ರು. ಇವನ ಅವತಾರ ನೋಡಿ ಒಬ್ಬರೂ ನಿಂದ್ರಲಿಲ್ಲ."

ಮೇಡಂ ಪೆನ್ನು ಕೆಳಗಿಟ್ಟರು. "ಈಕಿಗಿ ವಯಸ್ಸೆಷ್ಟು?"

ಅಪ್ಪ ಬಾಗಿಲು ನೋಡಿದ. ಅವ್ವ ನೆಲ ನೋಡಿದಳು.

"ಹದಿನಾರು ರಿ," ಎಂದ ಮೌನೇಶ. "ಅಕ್ಕನ ಸಾಲಿ ಬಿಡಿಸಿದಾಗ ನಾ ಸುಮ್ಕ ಕುಂತಿದ್ದೆ."